ಹಲವು ಕಂಪನಿಗಳ ಸ್ಮಾರ್ಟ್ ಉಪಕರಣಗಳು: ಒಂದೇ ವ್ಯವಸ್ಥೆಗೆ ತರುವ ಬಗೆ

ಆರ್.ಟಿ. ನಗರ, ಯಲಹಂಕ, ಯಶವಂತಪುರಗಳ ಹಳೆಯ ಬೀದಿಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡಗಳು ಇಂದಿಗೂ ಸಾಮಾನ್ಯ. ಇಂತಹ ಕಟ್ಟಡಗಳಿಗೆ ಇತ್ತೀಚಿನ ವರ್ಷಗಳಲ್ಲಿ ಸ್ಮಾರ್ಟ್ ಉಪಕರಣಗಳು ಒಂದೊಂದಾಗಿ ಬಂದು ಸೇರುತ್ತಿವೆ. ಕಳವಿನ ಭಯದಿಂದ ಕೊಂಡ ಕ್ಯಾಮೆರಾ, ಹಬ್ಬದ ರಿಯಾಯಿತಿಯಲ್ಲಿ ದೊರೆತ ಬಲ್ಬು, ಅಮೆರಿಕದಲ್ಲಿರುವ ಮಗ ತಂದುಕೊಟ್ಟ ಪ್ಲಗ್, ಸಂಪಿನ ಮೋಟಾರಿಗೆ ಜೋಡಿಸಿದ ನಿಯಂತ್ರಕ. ಒಂದೊಂದಕ್ಕೂ ಒಂದೊಂದು ಆ್ಯಪ್, ಒಂದೊಂದು ಪಾಸ್‌ವರ್ಡ್. ಹತ್ತು ಖಾತೆಗಳನ್ನು ಬರೆದಿಟ್ಟು ತಾಳೆಪಟ್ಟಿಯನ್ನೇ ತಯಾರಿಸದ ಅಂಗಡಿಯ ಸ್ಥಿತಿಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಇವುಗಳನ್ನು ಒಂದೇ ವ್ಯವಸ್ಥೆಗೆ ತರುವುದು ಕಷ್ಟವೇನಲ್ಲ. ಆದರೆ ಕ್ರಮ ತಪ್ಪಿದರೆ ಹಣವೂ ಹೋಗಿ, ಮನೆಯವರಿಗೆ ದೀಪ ಹಚ್ಚುವುದೂ ತೊಡಕಾಗುತ್ತದೆ.

ಮೊದಲು ದಾಸ್ತಾನು ಪಟ್ಟಿ

ಹೊಸದೇನನ್ನೂ ಕೊಳ್ಳುವ ಮುನ್ನ ಇರುವ ಉಪಕರಣಗಳ ಪಟ್ಟಿ ಮಾಡಬೇಕು. ಉಪಕರಣದ ಹೆಸರು, ಮಾದರಿ ಸಂಖ್ಯೆ, ಇರುವ ಸ್ಥಳ, ಸಂಪರ್ಕದ ವಿಧಾನ, ಖಾತೆ ಯಾರ ಹೆಸರಿನಲ್ಲಿದೆ, ಇಂಟರ್‌ನೆಟ್ ಇಲ್ಲದಿದ್ದರೂ ಅದು ಕೆಲಸ ಮಾಡುವುದೇ ಎಂಬ ಆರು ಅಂಕಣಗಳು ಸಾಕು. ಕೊನೆಯ ಅಂಕಣವೇ ಅತ್ಯಂತ ಮುಖ್ಯವಾದುದು.

ಅನೇಕ ಉಪಕರಣಗಳು ತಯಾರಕರ ದೂರದ ಸರ್ವರನ್ನು ಅವಲಂಬಿಸಿರುತ್ತವೆ. ಸರ್ವರ್ ನಿಂತರೆ ಉಪಕರಣವೂ ನಿಲ್ಲುತ್ತದೆ. ಅಮೆರಿಕದಲ್ಲಿ ಸುಮಾರು 300 ಡಾಲರಿಗೆ ಮಾರಾಟವಾಗಿದ್ದ ರಿವಾಲ್ವ್ ಎಂಬ ಹಬ್ಬನ್ನು ನೆಸ್ಟ್ ಸಂಸ್ಥೆ 2014ರಲ್ಲಿ ಕೊಂಡುಕೊಂಡಿತು. 2016ರ ಮೇ ತಿಂಗಳಲ್ಲಿ ಅದರ ಸೇವೆಯನ್ನೇ ನಿಲ್ಲಿಸಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಸಂಸ್ಥೆಯ ಸರ್ವರ್‌ಗಳು ಮುನ್ಸೂಚನೆಯಿಲ್ಲದೆ ಸ್ತಬ್ಧವಾದವು. ಬಳಕೆದಾರರ ಗುಂಪೊಂದು ಸಂಸ್ಥೆಯನ್ನು ಖರೀದಿಸಿದ ನಂತರವೇ ಸೇವೆ ಮರಳಿತು. ಸರಕು ಗ್ರಾಹಕನದಾದರೂ ಬೀಗದ ಕೈ ಮಾರಿದವನ ಬಳಿಯೇ ಉಳಿದರೆ ಆಗುವ ಪರಿಣಾಮವಿದು.

ಸಂಪರ್ಕದ ಭಾಷೆಗಳು

ವೈಫೈ, ಬ್ಲೂಟೂತ್, ಜಿಗ್ಬೀ, ಜೀ-ವೇವ್, ಥ್ರೆಡ್ ಎಂಬಿವು ಪ್ರಚಲಿತವಿರುವ ವಿಧಾನಗಳು. ವೈಫೈ ಉಪಕರಣಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ತರಂಗಕ್ಕೆ ಮಾತ್ರ ಸೇರುತ್ತವೆ. ರೂಟರಿನಲ್ಲಿ ಅದು ಚಾಲ್ತಿಯಲ್ಲಿರಬೇಕು. ಜೀ-ವೇವ್ ಉಪಕರಣಗಳ ತರಂಗಾಂತರ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಭಾರತದಲ್ಲಿ ಅದು 865 ಮೆಗಾಹರ್ಟ್ಸ್ ಆಸುಪಾಸು, ಅಮೆರಿಕದಲ್ಲಿ 908 ಮೆಗಾಹರ್ಟ್ಸ್. ಆದುದರಿಂದ ಅಲ್ಲಿಂದ ತಂದ ಜೀ-ವೇವ್ ಉಪಕರಣ ಇಲ್ಲಿನ ಹಬ್ಬಿನೊಡನೆ ಮಾತನಾಡದು. ಅಲ್ಲಿನ ವಿದ್ಯುತ್ ಪೂರೈಕೆಯೂ 120 ವೋಲ್ಟ್; ಇಲ್ಲಿನದು 230 ವೋಲ್ಟ್. ಪ್ರೀತಿಯ ಉಡುಗೊರೆಯಾದರೂ ಅದರ ಮೇಲಿನ ಅಂಕಿಗಳನ್ನು ಓದದೆ ಜೋಡಿಸಬಾರದು.

ಈ ಗೊಂದಲದ ಪರಿಹಾರಕ್ಕಾಗಿಯೇ ಮ್ಯಾಟರ್ ಎಂಬ ಸಾಮಾನ್ಯ ಮಾನದಂಡವನ್ನು 2022ರ ಅಕ್ಟೋಬರ್‌ನಲ್ಲಿ ಹೊರತರಲಾಯಿತು. ಆಪಲ್, ಗೂಗಲ್, ಅಮೆಜಾನ್, ಸ್ಯಾಮ್‌ಸಂಗ್ ಮೊದಲಾದ ಸ್ಪರ್ಧಿಗಳೆಲ್ಲ ಇದನ್ನು ಒಪ್ಪಿವೆ. ಈ ಗುರುತುಳ್ಳ ಉಪಕರಣವನ್ನು ಒಂದಕ್ಕಿಂತ ಹೆಚ್ಚು ವ್ಯವಸ್ಥೆಗಳಿಗೆ ಸೇರಿಸಬಹುದು. ಅದು ಮನೆಯೊಳಗಿನ ಜಾಲದಲ್ಲಿಯೇ ಕೆಲಸ ಮಾಡಬಲ್ಲದು. ಮೊದಲ ಆವೃತ್ತಿಯಲ್ಲಿ ಕ್ಯಾಮೆರಾಗಳಿಗೆ ಅವಕಾಶವಿರಲಿಲ್ಲ. ಈಗಾಗಲೇ ಇರುವ ಕ್ಯಾಮೆರಾಗಳಿಗೆ ಆನ್‌ವಿಫ್ ಎಂಬ ಮಾನದಂಡದ ಬೆಂಬಲವಿದೆಯೇ ಎಂದು ನೋಡಿಕೊಳ್ಳುವುದು ಲೇಸು.

ಕೇಂದ್ರದ ಆಯ್ಕೆ

ಆರಂಭಿಸುವವರಿಗೆ ಎರಡು ದಾರಿಗಳಿವೆ. ಮೊದಲನೆಯದು, ಧ್ವನಿಯಿಂದ ನಡೆಯುವ ಸಿದ್ಧ ಸ್ಪೀಕರ್ ವ್ಯವಸ್ಥೆಗಳಲ್ಲಿ ಒಂದನ್ನು ಆರಿಸಿ ಎಲ್ಲವನ್ನೂ ಅದಕ್ಕೆ ಜೋಡಿಸುವುದು. ಇದು ಸುಲಭ, ಆದರೆ ಇಂಟರ್‌ನೆಟ್ ಅವಲಂಬನೆ ಹೆಚ್ಚು. ಎರಡನೆಯದು, ಹೋಮ್ ಅಸಿಸ್ಟೆಂಟ್‌ನಂತಹ ಮುಕ್ತ ತಂತ್ರಾಂಶವನ್ನು ಮನೆಯಲ್ಲಿನ ಒಂದು ಪುಟ್ಟ ಕಂಪ್ಯೂಟರಿನಲ್ಲಿ ನಡೆಸುವುದು. 2013ರಲ್ಲಿ ಆರಂಭವಾದ ಈ ತಂತ್ರಾಂಶಕ್ಕೆ ಬೆಲೆಯಿಲ್ಲ; ಬೇರೆ ಬೇರೆ ತಯಾರಕರ ಉಪಕರಣಗಳನ್ನು ಒಂದೇ ಪರದೆಗೆ ತರುವುದೇ ಇದರ ಉದ್ದೇಶ. ಆದರೆ ಇದನ್ನು ನೋಡಿಕೊಳ್ಳುವ ಆಸಕ್ತರೊಬ್ಬರು ಮನೆಯಲ್ಲಿರಬೇಕು. ಯಾವ ದಾರಿಯಾದರೂ ಮೊದಲು ಒಂದು ಕೋಣೆಯನ್ನು ಮಾತ್ರ ಜೋಡಿಸಿ, ಒಂದು ತಿಂಗಳು ಬಳಸಿ ನೋಡಿ, ನಂತರ ವಿಸ್ತರಿಸುವುದು ವಿವೇಕ.

ವೈರಿಂಗ್ ಮತ್ತು ಭಾರ

ಹಳೆಯ ಮನೆಗಳಲ್ಲಿ ಸ್ವಿಚ್ಚುಗಳಷ್ಟೇ ಇರುವ ಬೋರ್ಡಿಗೆ ನ್ಯೂಟ್ರಲ್ ತಂತಿ ಬಂದಿರುವುದು ಅಪರೂಪ. ಹೆಚ್ಚಿನ ಸ್ಮಾರ್ಟ್ ಸ್ವಿಚ್ಚುಗಳಿಗೆ ಅದು ಬೇಕೇಬೇಕು. ಖರೀದಿಗೆ ಮೊದಲು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದ ಬೋರ್ಡನ್ನು ಬಿಚ್ಚಿಸಿ ನೋಡಬೇಕು.

ಭಾರದ ಲೆಕ್ಕವೂ ಅಗತ್ಯ. 10 ಆಂಪಿಯರ್ ಪ್ಲಗ್ 230 ವೋಲ್ಟ್‌ನಲ್ಲಿ ಗರಿಷ್ಠ 2,300 ವ್ಯಾಟ್ ತಡೆಯುತ್ತದೆ. 3,000 ವ್ಯಾಟ್ ಗೀಸರಿಗೆ 13 ಆಂಪಿಯರ್ ಬೇಕಾಗುವುದರಿಂದ 16 ಆಂಪಿಯರ್‌ನದೇ ಆಗಬೇಕು. ಸಂಪಿನ ಮೋಟಾರು ಚಾಲನೆಗೊಳ್ಳುವ ಕ್ಷಣದಲ್ಲಿ ಸಾಮಾನ್ಯಕ್ಕಿಂತ ಹಲವು ಪಟ್ಟು ವಿದ್ಯುತ್ತನ್ನು ಸೆಳೆಯುತ್ತದೆ. ಅದನ್ನು ನೇರವಾಗಿ ಸ್ಮಾರ್ಟ್ ಪ್ಲಗ್ಗಿಗೆ ಕೊಡದೆ ಕಾಂಟ್ಯಾಕ್ಟರ್ ಮೂಲಕ ನಡೆಸಬೇಕು.

ಸ್ಮಾರ್ಟ್ ಬಲ್ಬಿಗಿಂತ ಸ್ಮಾರ್ಟ್ ಸ್ವಿಚ್ಚು ಮನೆಮಂದಿಗೆ ಅನುಕೂಲ. ಗೋಡೆಯ ಸ್ವಿಚ್ಚನ್ನು ಆರಿಸಿದೊಡನೆ ಸ್ಮಾರ್ಟ್ ಬಲ್ಬು ಜಾಲದಿಂದಲೇ ಹೊರಗುಳಿಯುತ್ತದೆ. ಫೋನು ಬಳಸದ ಹಿರಿಯರೂ ಬಾಡಿಗೆದಾರರೂ ಎಂದಿನಂತೆ ಗೋಡೆಯನ್ನು ಮುಟ್ಟಿ ದೀಪ ಹಚ್ಚುವಂತಿರಬೇಕು. ಇದು ತಪ್ಪಿದ ಜೋಡಣೆ ಎಷ್ಟೇ ದುಬಾರಿಯಾದರೂ ದೋಷಪೂರ್ಣವೇ.

ಕಾಣದ ವಿದ್ಯುತ್ ವೆಚ್ಚ

ಸ್ಮಾರ್ಟ್ ಉಪಕರಣ ಸುಮ್ಮನಿದ್ದಾಗಲೂ ಅಲ್ಪ ವಿದ್ಯುತ್ತನ್ನು ಬಳಸುತ್ತದೆ. ತಲಾ 1 ವ್ಯಾಟ್‌ನಂತೆ 20 ಉಪಕರಣಗಳು 30 ದಿನಗಳಲ್ಲಿ, ಅಂದರೆ 720 ಗಂಟೆಗಳಲ್ಲಿ, 14.4 ಯೂನಿಟ್ ಬಳಸುತ್ತವೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ತಿಂಗಳಿಗೆ 200 ಯೂನಿಟ್ ಮೀರಿದರೆ ಪೂರ್ಣ ಬಿಲ್ಲನ್ನು ಪಾವತಿಸಬೇಕು. 190 ಯೂನಿಟ್ ಬಳಸುವ ಮನೆಗೆ ಈ 14 ಯೂನಿಟ್ಟುಗಳೇ ಹೊರೆಯಾಗಬಹುದು.

ಬಿಲ್ಲು ಮತ್ತು ಲೆಕ್ಕಪತ್ರ

ಅಂಗಡಿಗೂ ಮನೆಗೂ ಒಂದೇ ಬಿಲ್ಲಿನಲ್ಲಿ ಉಪಕರಣಗಳನ್ನು ಕೊಳ್ಳುವುದು ಸಾಮಾನ್ಯವಾದ ತಪ್ಪು. ಕೇಂದ್ರ ಜಿಎಸ್‌ಟಿ ಅಧಿನಿಯಮದ 17(1)ನೇ ಪ್ರಕರಣದಂತೆ, ವ್ಯವಹಾರಕ್ಕೂ ಸ್ವಂತಕ್ಕೂ ಬಳಸಿದ ಸರಕಿನ ಮೇಲೆ ವ್ಯವಹಾರದ ಭಾಗಕ್ಕೆ ಮಾತ್ರ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಅಂಗಡಿಯ ಕ್ಯಾಮೆರಾ ಮತ್ತು ರೆಕಾರ್ಡರಿಗೆ ಸಂಸ್ಥೆಯ ಹೆಸರು ಹಾಗೂ ಜಿಎಸ್‌ಟಿ ಸಂಖ್ಯೆಯುಳ್ಳ ಪ್ರತ್ಯೇಕ ಬಿಲ್ಲು ಪಡೆಯಬೇಕು. ಮನೆಯ ಬಲ್ಬು ಸ್ವಿಚ್ಚುಗಳನ್ನು ಆ ಪುಸ್ತಕಕ್ಕೆ ಸೇರಿಸಬಾರದು. ಹೆಚ್ಚು ಜನ ಸೇರುವ ಸಂಸ್ಥೆಗಳು ಕ್ಯಾಮೆರಾ ದೃಶ್ಯಗಳನ್ನು 30 ದಿನಗಳ ಕಾಲ ಉಳಿಸಿಕೊಳ್ಳಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಅಧಿನಿಯಮ ವಿಧಿಸಿದೆ. ಆದುದರಿಂದ ಅಂಗಡಿಯ ದೃಶ್ಯಸಂಗ್ರಹ ಮನೆಯ ಆ್ಯಪಿನ ಮರ್ಜಿಯಲ್ಲಿರದೆ ಸ್ವತಂತ್ರವಾಗಿರುವುದು ಕ್ಷೇಮ.

ಹಸ್ತಾಂತರಕ್ಕೆ ಮುನ್ನ ಪರೀಕ್ಷೆ

ಜೋಡಣೆ ಮಾಡಿದವರಿಗೆ ಅಂತಿಮ ಹಣ ಕೊಡುವ ಮುನ್ನ ಈ ಕೆಳಗಿನವನ್ನು ಖಚಿತಪಡಿಸಿಕೊಳ್ಳಬೇಕು:

1. ಇಂಟರ್‌ನೆಟ್ ತೆಗೆದು ಒಂದು ಗಂಟೆ ಬಿಟ್ಟರೆ ದೀಪ, ಫ್ಯಾನು, ಮೋಟಾರು, ಬಾಗಿಲು ನಡೆಯುತ್ತವೆಯೇ?

2. ಮೇನ್ ಸ್ವಿಚ್ಚನ್ನು ಆರಿಸಿ ಮತ್ತೆ ಹಾಕಿದಾಗ ಗೀಸರು, ಮೋಟಾರುಗಳು ತಾವಾಗಿ ಚಾಲನೆಗೊಳ್ಳುತ್ತವೆಯೇ? ಅವು ಆರಿದ ಸ್ಥಿತಿಯಲ್ಲಿಯೇ ಉಳಿಯಬೇಕು.

3. ರೂಟರ್ ಮತ್ತು ಹಬ್ ಎರಡೂ ಯುಪಿಎಸ್ ಮೇಲಿವೆಯೇ?

4. ಮುಖ್ಯ ಖಾತೆ ಮನೆಯ ಯಜಮಾನರ ಹೆಸರಿಗೆ ಬಂದು, ಜೋಡಿಸಿದವರ ಪ್ರವೇಶ ರದ್ದಾಗಿದೆಯೇ?

5. ಪಾಸ್‌ವರ್ಡ್‌ಗಳು ಕಾಗದದ ಮೇಲೆ ದಾಖಲಾಗಿ, ಮನೆಯ ಇನ್ನೊಬ್ಬರಿಗೂ ತಿಳಿದಿವೆಯೇ?

ಐದನೆಯದನ್ನು ಅನೇಕರು ಅಲಕ್ಷಿಸುತ್ತಾರೆ. ಎಲ್ಲವನ್ನೂ ಬಲ್ಲ ಒಬ್ಬರು ಊರಿಗೆ ಹೋದ ದಿನ ಅಥವಾ ಆಸ್ಪತ್ರೆ ಸೇರಿದ ದಿನ, ಸಂಪಿನಲ್ಲಿ ನೀರಿದ್ದರೂ ಮೇಲಿನ ತೊಟ್ಟಿ ಬರಿದಾಗಿರುತ್ತದೆ. ಕುಟುಂಬದ ವ್ಯವಹಾರದಲ್ಲಿ ಬ್ಯಾಂಕ್ ಖಾತೆಗೆ ನಾಮನಿರ್ದೇಶನ ಎಷ್ಟು ಅವಶ್ಯವೋ, ಮನೆಯ ಈ ಖಾತೆಗೂ ಎರಡನೆಯ ಜವಾಬ್ದಾರರು ಅಷ್ಟೇ ಅವಶ್ಯ. ದಾಸ್ತಾನು ಪಟ್ಟಿಯಿಂದ ತೊಡಗಿ ಈ ಕಾಗದದವರೆಗೆ ಲೆಕ್ಕ ಸರಿಯಾಗಿದ್ದರೆ ಯಾವ ಕಂಪನಿಯ ಉಪಕರಣವಾದರೂ ಒಂದೇ ಮನೆಯಲ್ಲಿ ಹೊಂದಿಕೊಂಡು ಬಾಳುತ್ತದೆ.