ಬಿಲ್ಲಿಗೆ ಬಾರದ ಖರ್ಚು

ಮಗಳಿಗೆ ಯೂಯಿಂಗ್ ಸಾರ್ಕೋಮಾ ಎಂದು ಬಯಾಪ್ಸಿ ರಿಪೋರ್ಟ್ ಬಂದ ವಾರವೇ ಮನೆಯಲ್ಲಿ ಸೈಟು ಮಾರುವ ಮಾತೆದ್ದಿತು. ಹತ್ತರಿಂದ ಇಪ್ಪತ್ತರೊಳಗಿನವರನ್ನೇ ಹೆಚ್ಚಾಗಿ ಹಿಡಿಯುವ, ಮೂಳೆಯ ಅಪರೂಪದ ಕ್ಯಾನ್ಸರ್ ಇದು. ಕೆಲವು ಸುತ್ತು ಕೀಮೋ, ಆಮೇಲೆ ಆಪರೇಷನ್ ಇಲ್ಲವೇ ರೇಡಿಯೇಷನ್, ಮತ್ತೆ ಕೀಮೋ. ಎಲ್ಲ ಮುಗಿಯಲು ಒಂದು ವರ್ಷದ ಹತ್ತಿರ ಬೇಕು. ಅವಸರಕ್ಕೆ ಮಾರುವ ಸೈಟಿಗೆ ಬೆಲೆ ಕಟ್ಟುವವನು ಕೊಳ್ಳುವವನೇ. ತಡೆದವರು ನಮ್ಮತ್ತೆ. "ಮೊದ್ಲು ಎಷ್ಟಾಗುತ್ತೆ ಅಂತ ಕೇಳ್ಕೊಂಡ್ ಬನ್ನಿ. ಸೈಟು ಎಲ್ಲೂ ಓಡಿಹೋಗಲ್ಲ" ಎಂದರು.

ಯಾರನ್ನು ಕೇಳಬೇಕು ಎಂಬುದೂ ಮುಖ್ಯ. ಬಿಲ್ಲಿಂಗ್ ಕೌಂಟರಿನವರು ಕಟ್ಟಬೇಕಾದ್ದನ್ನು ಮಾತ್ರ ಹೇಳುತ್ತಾರೆ. ಕಟ್ಟದೆ ಉಳಿಯುವುದು ಹೇಗೆಂದು ಗೊತ್ತಿರುವುದು ಆಸ್ಪತ್ರೆಯ ಸೋಶಿಯಲ್ ವರ್ಕರ್‌ಗೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟೆಂಬುದು ಬಹಳ ಜನಕ್ಕೆ ಗೊತ್ತು. ಎಪಿಎಲ್‌ನವರಿಗೂ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ ಎಂಬುದನ್ನು ನಮಗೆ ಹೇಳಿದ್ದು ಆಕೆಯೇ.

ಮಗಳ ಜೊತೆಗಿರಲು ನಮ್ಮಿಬ್ಬರಲ್ಲಿ ಒಬ್ಬರು ಕೆಲಸ ಬಿಡಲೇಬೇಕಿತ್ತು. ಸಂಬಳ ನನ್ನದೇ ಜಾಸ್ತಿ. ಆದರೆ ಮಗಳ ಹೆಸರಿದ್ದ ಗ್ರೂಪ್ ಪಾಲಿಸಿ ನಮ್ಮವರ ಕಂಪನಿಯದು. ಅವರು ಕೆಲಸ ಬಿಟ್ಟ ದಿನವೇ ಅದೂ ಹೋಗುತ್ತಿತ್ತು. ನಾನೇ ಬಿಟ್ಟೆ. ನೆಂಟರಿಗೆ ಇದು ತಾಯಿಯ ತ್ಯಾಗದಂತೆ ಕಂಡಿತು, ಲೆಕ್ಕಾಚಾರ ಎಂದು ಯಾರೂ ನಂಬಲಿಲ್ಲ. ಅದೇ ಪಾಲಿಸಿಯಲ್ಲಿ ರೂಂ ಬಾಡಿಗೆಗೆ ಮಿತಿ ಇತ್ತು. ಮಿತಿ ದಾಟಿದ ರೂಮು ಹಿಡಿದರೆ ಬಾಡಿಗೆಯ ವ್ಯತ್ಯಾಸವಷ್ಟೇ ಅಲ್ಲ, ಡಾಕ್ಟರ ಫೀಸು ಸೇರಿ ಹಲವು ಬಾಬ್ತುಗಳನ್ನು ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತಾರೆ. ಹಾಗಾಗಿ ಜನರಲ್ ವಾರ್ಡಿನಲ್ಲೇ ಉಳಿದೆವು.

ಇಷ್ಟಾದರೂ ಕೈ ಬರಿದಾದದ್ದು ಬಿಲ್ಲಿಗೆ ಬಾರದ ಖರ್ಚಿನಿಂದ. ಕೀಮೋ ಆದಮೇಲೆ ಬಿಳಿ ರಕ್ತಕಣ ಇಳಿಯುತ್ತದೆ. ಜ್ವರ 100.4 ಡಿಗ್ರಿ ಮುಟ್ಟಿತೆಂದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ನಮ್ಮೂರು ಶಿವಮೊಗ್ಗ, ಆಸ್ಪತ್ರೆ ಬೆಂಗಳೂರಿನಲ್ಲಿ. ಅಲ್ಲಿಂದ ಓಡಲಾಗುತ್ತದೆಯೇ? ಬೆಂಗಳೂರಿನಲ್ಲೇ ಮನೆ ಹಿಡಿದೆವು. ಅಡ್ವಾನ್ಸ್, ಬಾಡಿಗೆ, ಗ್ಯಾಸು. ಸೋಂಕಿನ ಭಯಕ್ಕೆ ಬಸ್ಸು ಬಿಟ್ಟು ಆಟೊ. ಹೊರಗಿನ ಲ್ಯಾಬಿನ ರಕ್ತಪರೀಕ್ಷೆ, ರಕ್ತಕಣ ಏರಿಸುವ ಇಂಜೆಕ್ಷನ್. ಅತ್ತ ಊರಲ್ಲಿ ಮಗನಿಗೆ ಸ್ಕೂಲ್ ಫೀಸು, ಟ್ಯೂಷನ್. ಇದರಲ್ಲಿ ಪರೀಕ್ಷೆ, ಔಷಧದ ಹಣ ವಾಪಸ್ ಬರುವಂಥದ್ದು. ನಮ್ಮ ಪಾಲಿಸಿಯಲ್ಲಿ ಅಡ್ಮಿಷನ್‌ಗೆ ಮುಂಚಿನ 30 ದಿನ, ಡಿಸ್ಚಾರ್ಜ್ ಆದ ಮೇಲಿನ 60 ದಿನದ ವೆಚ್ಚವೂ ಸೇರಿತ್ತು. ಡಾಕ್ಟರ ಚೀಟಿಯೊಂದಿಗೆ ಅಸಲು ಬಿಲ್ಲು ಇರಬೇಕು, ಅಷ್ಟೆ. ಉಳಿದದ್ದಕ್ಕೆ ನಗದೇ ಬೇಕು. ಅದಕ್ಕೆಂದೇ ಬಳೆ ಅಡವಿಟ್ಟು ಗೋಲ್ಡ್ ಲೋನ್ ತೆಗೆದುಕೊಂಡೆವು. ಬಡ್ಡಿ ತೆತ್ತರೂ ಬಂಗಾರ ನಮ್ಮದಾಗಿಯೇ ಉಳಿಯಿತು.

ರೈಲ್ವೆಯ ರಿಯಾಯಿತಿ ಬಳಸುವವರು ಕಡಿಮೆ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್, ಥರ್ಡ್ ಎಸಿಯಲ್ಲಿ ಪೂರ್ತಿ ವಿನಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75. ಆಸ್ಪತ್ರೆಯ ಸರ್ಟಿಫಿಕೇಟ್ ಸಾಕು.

ನೋಡಲು ಬಂದವರು ಕೈಯಲ್ಲಿ ದುಡ್ಡಿಟ್ಟು ಹೋಗುತ್ತಿದ್ದರು. ಕೆಲವರು ಕೊಟ್ಟದ್ದು, ಕೆಲವರದು ಕೈಸಾಲ. ಆ ಗಡಿಬಿಡಿಯಲ್ಲಿ ಯಾವುದು ಯಾವುದೆಂದು ಯಾರಿಗೆ ನೆನಪಿರುತ್ತದೆ? ಭಾವ ಒಂದು ಪುಸ್ತಕ ಇಟ್ಟು, ಹಿಂತಿರುಗಿಸಬೇಕೋ ಬೇಡವೋ ಎಂದು ಮುಖಾಮುಖಿ ಕೇಳಿ ಬರೆದುಕೊಂಡರು. ಒಂದಿಬ್ಬರು ಮುನಿಸಿಕೊಂಡರು. ಮುನಿಸಿಕೊಳ್ಳಲಿ, ನಂಟು ಉಳಿಯುವುದು ಇಂಥ ಪುಸ್ತಕದಿಂದಲೇ ಎಂಬುದು ನನ್ನ ಅಭಿಪ್ರಾಯ.

ಚಿಕಿತ್ಸೆ ಮುಗಿದು ಮಗಳು ಶಾಲೆಗೆ ಹೋಗುತ್ತಿದ್ದಾಳೆ. ಸ್ಕ್ಯಾನ್‌ಗಳು ನಿಂತಿಲ್ಲ. ಅವಳಿಗೆ ಕೊಟ್ಟ ಡಾಕ್ಸೊರುಬಿಸಿನ್ ಹೃದಯದ ಮೇಲೆ ಪರಿಣಾಮ ಮಾಡಬಹುದಾದ ಔಷಧ, ಹಾಗಾಗಿ ಎಕೋ ಪರೀಕ್ಷೆಯೂ ವರ್ಷಗಟ್ಟಲೆ ನಡೆಯಬೇಕು. ಇದಕ್ಕೆಂದೇ ಒಂದು ಆರ್‌ಡಿ ಇದೆ. ನಮ್ಮವರಿಗೆ ಈಚೆಗೆ ಬೇರೆ ಕಂಪನಿಯಿಂದ ಆಫರ್ ಬಂದಿತ್ತು, ಸಂಬಳವೂ ಚೆನ್ನಾಗಿತ್ತು. ಅಲ್ಲಿನ ಗ್ರೂಪ್ ಪಾಲಿಸಿಯಲ್ಲಿ ಮಕ್ಕಳಿಗೆ ಮೊದಲೇ ಇರುವ ಕಾಯಿಲೆಯೂ ಸೇರುತ್ತದೆಯೇ ಎಂದು ಕೇಳಿ ಬರೆದಿದ್ದಾರೆ. ಉತ್ತರ ಬರುವವರೆಗೆ ರಾಜೀನಾಮೆ ಇಲ್ಲ.