ಎರೆಮಣ್ಣಿನ ಊರಲ್ಲಿ ಗುಲಾಬಿಯ ಘಮ

ಬಾಗಲಕೋಟೆ ಜಿಲ್ಲೆಯ ಹುನಗುಂದದ ಎರೆಹೊಲ ಹಿಂಗಾರಿನ ತೇವವನ್ನು ತಿಂಗಳುಗಟ್ಟಲೆ ಹಿಡಿದಿಟ್ಟು ಬಿಳಿಜೋಳ ಬೆಳೆದುಕೊಡುತ್ತದೆ. ಜೋಳಕ್ಕೆ ವರವಾದ ಆ ಗುಣವೇ ಗುಲಾಬಿಗೆ ಕುತ್ತು. ಮಳೆಗಾಲದಲ್ಲಿ ನೀರು ಬಸಿಯದೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಬಿರುಕು ಬಿಟ್ಟು ಎಳೆಬೇರುಗಳನ್ನು ಹರಿಯುತ್ತದೆ. ಹಾಗಾಗಿ ಈ ಭಾಗದಲ್ಲಿ ಪರಿಮಳದ ಹೈಬ್ರಿಡ್ ಟೀ ಗುಲಾಬಿ ಬೆಳೆಸಿದವರು ಗಿಡದ ಮಾತಿಗಿಂತ ಮೊದಲು ಮಡಿಯ ಮಾತು ತೆಗೆಯುತ್ತಾರೆ. ನಾನು ಕಲಿತದ್ದೂ ಅಲ್ಲಿಂದಲೇ. ನೆಲಕ್ಕಿಂತ ಒಂದಡಿ ಎತ್ತರದ ಮಡಿ ಬೇಕು. ಅದಕ್ಕೆ ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಹಿಡಿಯಷ್ಟು ಬೇವಿನ ಹಿಂಡಿ. ಅಂಚು ಕಟ್ಟಲು ಇಳಕಲ್ಲಿನ ಗ್ರಾನೈಟ್ ತುಂಡುಗಳಷ್ಟು ಒಳ್ಳೆಯದು ಇನ್ನೊಂದಿಲ್ಲ. ಅದರಿಂದ ಮಣ್ಣಿಗೆ ಸುಣ್ಣ ಇಳಿಯುವುದಿಲ್ಲ.

ಸುಣ್ಣದ ಮಾತು ಸುಮ್ಮನೆ ಬಂದದ್ದಲ್ಲ. ಬಾಗಲಕೋಟೆಯ ಸುತ್ತ ಸಿಮೆಂಟಿಗೆ ಬಳಸುವ ಸುಣ್ಣಕಲ್ಲಿದೆ. ಅದರ ನಡುವಿನಿಂದ ಬರುವ ಬೋರ್‌ವೆಲ್ ನೀರು ಗಡಸು. ಗುಲಾಬಿಗೆ ಹಿತವೆನಿಸುವ ಪಿಎಚ್ 6ರಿಂದ 6.5, ಎರೆಮಣ್ಣಿನಲ್ಲಿ ಅದು ಎಷ್ಟೋ ಕಡೆ 8 ದಾಟಿರುತ್ತದೆ. ಆಗ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಎಳೆ ಎಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿಯುತ್ತವೆ. ಇದನ್ನು ಕಂಡು ತಪ್ಪಾಗಿ ಯೂರಿಯಾ ಸುರಿಯುವವರೇ ಹೆಚ್ಚು. ಕಬ್ಬಿಣ ಕೊಡುವ ಅನ್ನಭೇದಿಯನ್ನು (ಫೆರಸ್ ಸಲ್ಫೇಟ್) ಬುಡಕ್ಕೆ ಹಾಕಿದರೂ ಸುಣ್ಣದ ಮಣ್ಣು ಅದನ್ನು ಬಲುಬೇಗ ಕಟ್ಟಿಹಾಕುತ್ತದೆ. ಲೀಟರಿಗೆ 5 ಗ್ರಾಂ ಕರಗಿಸಿ, ಸಂಜೆ ಎಲೆಗೆ ಸಿಂಪಡಿಸಿದರೆ ಹಸಿರು ಮರಳುತ್ತದೆ. ಚಾವಣಿಯ ಮಳೆನೀರನ್ನು ಸಂಗ್ರಹಿಸಿ ಗಿಡಕ್ಕೆ ಕೊಡುವುದು ಅದಕ್ಕಿಂತ ಮೇಲು. ಸಂಶಯವಿದ್ದರೆ ಕೇಳಲು ದೂರ ಅಲೆಯಬೇಕಿಲ್ಲ, 2008ರಿಂದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಬಾಗಲಕೋಟೆಯಲ್ಲೇ ಇದೆ.

ಬಾದಾಮಿಯವರ ಪಾಡು ಬೇರೆ. ಚಾಲುಕ್ಯರು ಗುಹೆ ಕೊರೆದ ಆ ಮರಳುಗಲ್ಲು ಸವೆದು ಆದ ಮಸಾರಿ ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ಗೊಬ್ಬರದ ಸಾರವೂ ನಿಲ್ಲುವುದಿಲ್ಲ. ಅಲ್ಲಿ ಗೊಬ್ಬರವನ್ನು ಒಮ್ಮೆಲೇ ಕೊಡದೆ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು, ಬುಡಕ್ಕೆ ಒಣಹುಲ್ಲಿನ ಹೊದಿಕೆ ಹಾಸಬೇಕು.

ಇಷ್ಟೆಲ್ಲ ಮಾಡಿಯೂ ಹೂವಿಗೆ ವಾಸನೆಯೇ ಇಲ್ಲ ಎಂದು ಕೊರಗುವವರಿದ್ದಾರೆ. ಅದಕ್ಕೆ ಕಾರಣ ಹೆಚ್ಚಾಗಿ ತಳಿ. 1867ರಲ್ಲಿ ಫ್ರಾನ್ಸಿನ ಗಿಯೋ ಬೆಳಕಿಗೆ ತಂದ ‘ಲಾ ಫ್ರಾನ್ಸ್’ ಹೈಬ್ರಿಡ್ ಟೀ ವರ್ಗದ ಮೊದಲ ಗುಲಾಬಿ ಎನಿಸಿಕೊಂಡಿದೆ. ಅದು ಘಮಘಮಿಸುವ ಹೂವು. ಆಮೇಲೆ ಬಣ್ಣ, ಉದ್ದ ಕಾಂಡ, ಹೂದಾನಿಯಲ್ಲಿ ಬಾಳುವ ದಿನ ಇವುಗಳ ಬೆನ್ನು ಹತ್ತಿದ್ದರಿಂದ ಎಷ್ಟೋ ತಳಿಗಳಲ್ಲಿ ಪರಿಮಳ ಕಳೆದುಹೋಯಿತು. 2015ರಲ್ಲಿ ಫ್ರೆಂಚ್ ವಿಜ್ಞಾನಿಗಳು ಗಾಢ ಪರಿಮಳದ ‘ಪಾಪಾ ಮೆಯಾಂ’ ಹೂವನ್ನು ವಾಸನೆ ಕಡಿಮೆ ಇರುವ ‘ರೂಜ್ ಮೆಯಾಂ’ ಜೊತೆ ಹೋಲಿಸಿ, ದಳದೊಳಗಿನ ಒಂದು ಕಿಣ್ವದ ಮೇಲೆ ಈ ಅಂತರ ನಿಂತಿದೆ ಎಂದು ತೋರಿಸಿದರು. ತಳಿಯಲ್ಲಿ ಇಲ್ಲದ ಘಮವನ್ನು ಯಾವ ಗೊಬ್ಬರವೂ ತರಲಾರದು. ನರ್ಸರಿಯಲ್ಲಿ ಚೀಟಿಯ ಚಿತ್ರ ನೋಡಿ ಕೊಳ್ಳಬೇಡಿ. ಬೆಳಿಗ್ಗೆ ಹೋಗಿ, ಅರೆಬಿರಿದ ಹೂವನ್ನು ಮೂಸಿ ಆರಿಸಿ. ‘ಮಿಸ್ಟರ್ ಲಿಂಕನ್’, ‘ಡಬಲ್ ಡಿಲೈಟ್’, ‘ಫ್ರೇಗ್ರಂಟ್ ಕ್ಲೌಡ್’ ಕೇಳಿ ತರಬಹುದಾದ ಹೆಸರುಗಳು. ಕಸಿಗಂಟು ಮಣ್ಣಿನ ಮೇಲೆಯೇ ಇರಲಿ. ಅದರ ಕೆಳಗಿನಿಂದ ಚಿಗುರು ಬಂದರೆ ಬುಡಸಮೇತ ಕಿತ್ತುಹಾಕಿ.

ದ್ರಾಕ್ಷಿ, ದಾಳಿಂಬೆ ಬೆಳೆಯುವ ನಾಡಿಗೆ ಚಾಟ್ನಿ, ಅಂದರೆ ರೆಂಬೆ ಕತ್ತರಿಸುವುದನ್ನು, ಹೇಳಿಕೊಡಬೇಕಿಲ್ಲ. ಗುಲಾಬಿಗೆ ಮಳೆ ಹಿಂದಾದ ಮೇಲೆ, ಅಕ್ಟೋಬರಿನಲ್ಲಿ ಮಾಡಬೇಕು. ಹೊರಮುಖದ ಕಣ್ಣಿನ ಮೇಲೆ ಓರೆಯಾಗಿ ಕತ್ತರಿಸಿ, ಕೊಯ್ದ ತುದಿಗೆ ಬೋರ್ಡೋ ಮುಲಾಮು ಸವರಬೇಕು. ಒಳತಿರುಳು ಕಂದಾಗಿದ್ದರೆ ಬಿಳಿ ಕಾಣುವವರೆಗೆ ಇನ್ನೂ ಕೆಳಗೆ ಕೊಯ್ಯಲು ಹಿಂಜರಿಯಬಾರದು. ಒಣಗುರೋಗ ತುದಿಯಿಂದ ಇಳಿದು ಇಡೀ ಗಿಡವನ್ನೇ ಒಯ್ಯುತ್ತದೆ. ಚಾಟ್ನಿಯಾದ ಸುಮಾರು 45 ದಿನಕ್ಕೆ ಹೂ ಬರುತ್ತದೆ. ಚಳಿಗಾಲದ ಮುಂಜಾವಿನ ಆ ಹೂವಿನ ಪರಿಮಳಕ್ಕೆ ಸಾಟಿ ಇಲ್ಲ. ಆಗ ಬೂದಿರೋಗದ ಕಡೆ ಕಣ್ಣಿರಲಿ.

ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಏರಿದಾಗ ಸುಗಂಧತೈಲ ದಳದಿಂದ ಬೇಗ ಆರಿಹೋಗುತ್ತದೆ, ಹೂವೂ ಸಣ್ಣದಾಗುತ್ತದೆ. ದಿನವಿಡೀ ಬಿಸಿಲು ಬೇಕೆನ್ನುವ ಪುಸ್ತಕದ ಮಾತು ತಂಪು ಸೀಮೆಗೆ ಸರಿ. ನಮ್ಮಲ್ಲಿ ಮಧ್ಯಾಹ್ನದ ಮೇಲೆ ನೆರಳು ಬಲೆ ಕಟ್ಟಬೇಕು. ಆ ಎರಡು ತಿಂಗಳು ಮೊಗ್ಗು ಚಿವುಟಿ, ಬೆಳಿಗ್ಗೆ ಬುಡಕ್ಕಷ್ಟೇ ನೀರು ಕೊಟ್ಟು ಗಿಡ ಉಳಿಸಿಕೊಂಡರೆ, ಅಕ್ಟೋಬರಿನ ಚಾಟ್ನಿಗೆ ಗಟ್ಟಿ ಕಡ್ಡಿಗಳು ಸಿಗುತ್ತವೆ.