ಚರಂಡಿ ರಿಪೇರಿ ಆದ ಮೇಲೆ ಕೊಟ್ಟಿಗೆಯ ಚಪ್ಪಡಿ ಕೂರಿಸುವ ಕ್ರಮ



ವೈಟ್‌ಫೀಲ್ಡ್, ವರ್ತೂರು, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಸುತ್ತಮುತ್ತ ಈಗ ಕೊಟ್ಟಿಗೆಗಳು ಲೇಔಟು, ಕಾರ್ಖಾನೆಗಳ ನಡುವೆ ಉಳಿದಿವೆ. ಮೇಯಲು ಬಿಡುವ ಜಾಗವಿಲ್ಲ. ಹಸು ದಿನವಿಡೀ ಕಟ್ಟಿದ ಕಡೆಯೇ ನಿಂತು ಮಲಗುತ್ತದೆ. ಗಂಜಲದ ಪೈಪು ಕಟ್ಟಿಕೊಂಡರೆ ಚಪ್ಪಡಿ ಎತ್ತಿ ಅಗೆಯಲೇಬೇಕು. ಪೈಪಿನ ಕೆಲಸ ಬೇಗ ಮುಗಿಯುತ್ತದೆ. ತೊಂದರೆ ಶುರುವಾಗುವುದು ಗುಂಡಿ ಮುಚ್ಚುವಾಗ.

2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿದ 110 ಹಳ್ಳಿಗಳಲ್ಲಿ ಕಾವೇರಿ ನೀರು, ಒಳಚರಂಡಿಯ ಪೈಪಿಗಾಗಿ ರಸ್ತೆ ಅಗೆದದ್ದನ್ನು ನೋಡಿದ್ದೀರಿ. ಸಡಿಲ ಮಣ್ಣು ತುಂಬಿದರೆ ಜೋರು ಮಳೆಗೆ ನೆಲ ಕುಸಿಯುತ್ತದೆ. ಕೊಟ್ಟಿಗೆಯಲ್ಲಿ ದಿನಾ ತೊಳೆಯುವ ನೀರೇ ಮಳೆ, 400–500 ಕೆ.ಜಿ. ತೂಗುವ ಮಿಶ್ರತಳಿ ಹಸುವೇ ಲಾರಿ.

ಚಪ್ಪಡಿ ಒಂದು ಅಂಗುಲ ತಗ್ಗಿದರೂ ಅಲ್ಲಿ ಗಂಜಲ ನಿಲ್ಲುತ್ತದೆ. ಸದಾ ನೆನೆದ ಗೊರಸು ಮೆತ್ತಗಾಗಿ ಕೊಳೆಯುತ್ತದೆ. ಅದೇ ಕೊಚ್ಚೆಯಲ್ಲಿ ಮಲಗಿದ ಹಸುವಿಗೆ ಕೆಚ್ಚಲು ಬಾವು ಬರುತ್ತದೆ. ಬಾವು ಕಣ್ಣಿಗೆ ಕಾಣುವ ಮೊದಲೇ ಹಾಲು ಇಳಿಯುತ್ತದೆ, ಎಸ್‌.ಎನ್‌.ಎಫ್. ಕೂಡ ಕಡಿಮೆಯಾಗಬಹುದು. ಅಲುಗಾಡುವ ಚಪ್ಪಡಿಯ ಮೇಲೆ ಗಬ್ಬದ ಹಸು ಜಾರಿ ಬಿದ್ದರೆ ನಷ್ಟ ಇನ್ನೂ ದೊಡ್ಡದು.

ಗಾರೆಯವರು ಬಂದಾಗ ನೀವೇ ನಿಂತು ಹೀಗೆ ಮಾಡಿಸಿ:

1. ಎತ್ತುವ ಮೊದಲೇ ಚಪ್ಪಡಿಗಳಿಗೆ ಸೀಮೆಸುಣ್ಣದಿಂದ ನಂಬರು ಹಾಕಿ. ಹಳೆಯ ಜಾಗಕ್ಕೇ ಹೋದರೆ ಚೆನ್ನಾಗಿ ಕೂರುತ್ತವೆ.

2. ಸಗಣಿ ಬೆರೆತ ಕಪ್ಪು ಮಣ್ಣನ್ನು ಮತ್ತೆ ತುಂಬಬೇಡಿ. ಅದು ಕೊಳೆತು ಕುಗ್ಗುತ್ತದೆ. ತಿಪ್ಪೆಗೆ ಹಾಕಿ.

3. ಮುಚ್ಚುವ ಮೊದಲು ಪೈಪಿಗೆ ನೀರು ಬಿಟ್ಟು ಸೋರಿಕೆ ನೋಡಿ. ಪೈಪಿನ ಕೆಳಗೆ, ಪಕ್ಕ, ಮೇಲೆ ಎಂ ಸ್ಯಾಂಡ್ ಹಾಕಿ.

4. ಅದರ ಮೇಲೆ ಒಳ್ಳೆಯ ಕೆಂಪು ಮಣ್ಣನ್ನು ಆರಾರು ಅಂಗುಲದ ಪದರವಾಗಿ ತುಂಬಿ, ಪ್ರತಿ ಪದರಕ್ಕೂ ದಿಮ್ಮಸೆ ಹೊಡೆಸಿ. ಮಣ್ಣು ಹಿಡಿದು ಅದುಮಿದರೆ ಉಂಡೆ ಕಟ್ಟಬೇಕು, ನೀರು ಸೋರಬಾರದು. ಎಲ್ಲವನ್ನೂ ಒಂದೇ ಸಲ ತುಂಬಿ ಮೇಲೆ ಮಾತ್ರ ಗುದ್ದಿದರೆ ಒಳಗೆ ಪೊಳ್ಳು ಉಳಿಯುತ್ತದೆ.

5. ಗುಂಡಿಯ ಎರಡೂ ಬದಿಯಲ್ಲಿ ಅರ್ಧ ಅಡಿಯಷ್ಟು ಹೆಚ್ಚಾಗಿ ಚಪ್ಪಡಿ ಬಿಚ್ಚಿಸಿ. ಹೊಸದಾಗಿ ಕೂರಿಸುವ ಚಪ್ಪಡಿಯ ಅಂಚು ಅಗೆಯದ ಗಟ್ಟಿ ನೆಲದ ಮೇಲೆ ಇರಬೇಕು.

6. ಗೋದಲಿಯಿಂದ ಚರಂಡಿಯ ಕಡೆಗೆ ಆರು ಅಡಿಗೆ ಒಂದೂವರೆಯಿಂದ ಎರಡು ಅಂಗುಲ ಇಳಿಜಾರು ಸಾಕು. ಅತಿಯಾದ ಇಳಿಜಾರಿನಲ್ಲಿ ತುಂಬು ಗಬ್ಬದ ಹಸು ಮೈ ಹೊರಗೆ ಹಾಕುವ ಅಪಾಯ ಹೆಚ್ಚು. ಚಪ್ಪಡಿಯ ಒರಟು ಮುಖ ಮೇಲೆ ಬರಲಿ.

7. ಸಂದುಗಳನ್ನು ಒಂದು ಪಾಲು ಸಿಮೆಂಟು, ಮೂರು ಪಾಲು ಮರಳಿನ ಗಾರೆಯಿಂದ ತುಂಬಿಸಿ. ಏಳು ದಿನ ನೀರು ಹಾಕಿ, ಅಲ್ಲಿಯವರೆಗೆ ಹಸು ಕಟ್ಟಬೇಡಿ. ಹಸಿ ಸಿಮೆಂಟು ಗೊರಸಿನ ಸಂದಿ ಮತ್ತು ಕೆಚ್ಚಲಿನ ಚರ್ಮವನ್ನು ಸುಡುತ್ತದೆ.

ಕೆಲಸ ಮುಗಿದ ಮೇಲೆ ಗೋದಲಿಯ ಬಳಿ ಒಂದು ಬಕೆಟ್ ನೀರು ಸುರಿಯಿರಿ. ನೀರು ಎಲ್ಲೂ ನಿಲ್ಲದೆ ಚರಂಡಿ ಸೇರಬೇಕು. ಪ್ರತಿ ಚಪ್ಪಡಿಯ ನಾಲ್ಕು ಮೂಲೆಯಲ್ಲೂ ನಿಂತು ನೋಡಿ. ಅಲುಗಿದರೆ, ಕೂಲಿ ಕೊಡುವ ಮೊದಲೇ ಎತ್ತಿಸಿ ಸರಿಮಾಡಿಸಿ.

ಬಿದ್ದಿರುವ ಮೊಳೆ, ಕಟ್ಟುತಂತಿಯ ಚೂರುಗಳನ್ನು ಒಂದೂ ಬಿಡದೆ ಆರಿಸಿ. ಮೇವಿನೊಂದಿಗೆ ಹೊಟ್ಟೆ ಸೇರಿದರೆ ಅವು ಹೃದಯದವರೆಗೂ ಚುಚ್ಚಬಲ್ಲವು.

ಹಾಲು ಕರೆದ ನಂತರ ಸುಮಾರು ಅರ್ಧ ಗಂಟೆ ಮೊಲೆತೊಟ್ಟಿನ ರಂಧ್ರ ತೆರೆದಿರುತ್ತದೆ. ಆಗ ಮೇವು ಹಾಕಿ ಹಸುವನ್ನು ನಿಲ್ಲಿಸಿಕೊಳ್ಳಿ. ನೆಲ ಸರಿಯಿದ್ದರೂ ಈ ಅಭ್ಯಾಸ ಬಿಡಬೇಡಿ. ರಿಪೇರಿಯ ನಂತರ ಹಸು ಕುಂಟಿದರೆ, ಹಾಲಿನಲ್ಲಿ ಗರಣೆ ಕಂಡರೆ, ಅದೇ ದಿನ ಸಂಘದ ಕಾರ್ಯದರ್ಶಿಯ ಮೂಲಕ ಪಶುವೈದ್ಯರಿಗೆ ತಿಳಿಸಿ.